ಆಪರೇಷನ್‌ಗೆ ಮೊದಲು ನಾನು ಜಾತಿ ಕೇಳುತ್ತೇನೆ

ನಾನು ಅರಿವಳಿಕೆ ವೈದ್ಯೆ, ಕೆಲಸ ಬಳ್ಳಾರಿ ಸೀಮೆಯಲ್ಲಿ. ಆಪರೇಷನ್‌ನ ಹಿಂದಿನ ದಿನ ರೋಗಿಯನ್ನು ನನ್ನ ಮುಂದೆ ತಂದು ಕೂರಿಸುತ್ತಾರೆ. ನಮ್ಮ ಭಾಷೆಯಲ್ಲಿ ಇದು ಪಿಎಸಿ, ಅಂದರೆ ಅರಿವಳಿಕೆಗೆ ಮೊದಲಿನ ತಪಾಸಣೆ. ಅಲುಗಾಡುವ ಹಲ್ಲಿದೆಯಾ, ದಮ್ಮಿದೆಯಾ, ಬಿಪಿ ಶುಗರ್‌ಗೆ ಏನೇನು ಮಾತ್ರೆ, ಹಿಂದೆ ಆಪರೇಷನ್ ಆಗಿದೆಯಾ, ಯಾವುದಾದರೂ ಔಷಧ ಒಗ್ಗುವುದಿಲ್ಲವಾ ಎಂದೆಲ್ಲ ವಿಚಾರಿಸುತ್ತೇನೆ. ಬಾಯಿ ತೆಗೆಸಿ ಗಂಟಲು ನೋಡುತ್ತೇನೆ, ಕುತ್ತಿಗೆ ಎಷ್ಟು ಹಿಂದಕ್ಕೆ ಬಾಗುತ್ತದೆ ಅಂತ ನೋಡುತ್ತೇನೆ. ಇಷ್ಟೆಲ್ಲ ಆದ ಮೇಲೆ ಇನ್ನೆರಡು ಪ್ರಶ್ನೆ ಉಳಿದಿರುತ್ತವೆ. ನಿಮ್ಮ ರಕ್ತಸಂಬಂಧದಲ್ಲಿ ಯಾರಿಗಾದರೂ, ಅಣ್ಣತಮ್ಮ, ಅಕ್ಕತಂಗಿ, ಸೋದರಮಾವ, ಆಪರೇಷನ್ ಆದ ಮೇಲೆ ಉಸಿರು ಬರುವುದು ಬಹಳ ತಡವಾಗಿತ್ತಾ? ಮತ್ತೆ, ನಿಮ್ಮದು ಯಾವ ಜನ?

ಎರಡನೆಯ ಪ್ರಶ್ನೆಗೆ ಎದುರಿನ ಮುಖ ಬದಲಾಗುತ್ತದೆ. ಕೆಲವರು ನಗುತ್ತಾ ಗೋತ್ರಸಮೇತ ಹೇಳುತ್ತಾರೆ. ಕೆಲವರು ಪಕ್ಕದ ಮಂಚದವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. ಕಾಲು ಮುರಿದುಕೊಂಡು ಬಂದಿದ್ದ ಲಾರಿ ಕ್ಲೀನರ್ ಹುಡುಗನೊಬ್ಬ ನನ್ನನ್ನೇ ದಿಟ್ಟಿಸಿ, "ಯಾಕ್ರೀ ಮೇಡಂ, ಜಾತಿ ನೋಡಿ ಇಂಜೆಕ್ಷನ್ ಕೊಡ್ತೀರೇನ್ರೀ?" ಅಂದ. ಅವನು ಹಾಗೆ ಕೇಳಿದ್ದು ನ್ಯಾಯ. ಅವನ ಮಂಚದ ಪಕ್ಕ ನಿಂತು ಎರಡು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯಬೇಕು ಅನ್ನಿಸಿದೆ.

ಸ್ಕೋಲಿನ್ ಅಂತ ಒಂದು ಔಷಧ ಇದೆ. ಪೂರ್ತಿ ಹೆಸರು ಸಕ್ಸಿನೈಲ್‌ಕೋಲಿನ್. ಊಟ ಮಾಡಿ ಹೊಟ್ಟೆ ತುಂಬಿರುವಾಗಲೇ ತುರ್ತು ಆಪರೇಷನ್‌ಗೆ ಬರುವ ರೋಗಿಯನ್ನು ಮಲಗಿಸಿದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ ಇರುತ್ತದೆ. ಆದಷ್ಟು ಬೇಗ ಗಂಟಲಿಗೆ ಟ್ಯೂಬ್ ಹಾಕಿಬಿಡಬೇಕು. ಸ್ಕೋಲಿನ್ ಕೊಟ್ಟರೆ ಒಂದು ನಿಮಿಷದೊಳಗೆ ಮೈಯ ಸ್ನಾಯುಗಳೆಲ್ಲ ಸಡಿಲಾಗುತ್ತವೆ, ಉಸಿರಾಟದವೂ ಸೇರಿ. ಐದು ಹತ್ತು ನಿಮಿಷದಲ್ಲಿ ಅದರ ಪ್ರಭಾವ ಇಳಿದು ರೋಗಿ ಮತ್ತೆ ತಾನೇ ಉಸಿರಾಡುತ್ತಾನೆ. ಅಷ್ಟು ಬೇಗ ಇಳಿಯುವುದಕ್ಕೆ ಕಾರಣ ನಮ್ಮ ರಕ್ತದಲ್ಲಿರುವ ಒಂದು ಕಿಣ್ವ. ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಅಂತ ಈಗಿನ ಹೆಸರು, ಲ್ಯಾಬ್ ರಿಪೋರ್ಟ್‌ಗಳಲ್ಲಿ ಇನ್ನೂ ಸೂಡೊಕೋಲಿನ್‌ಎಸ್ಟರೇಸ್ ಅಂತಲೇ ಇರುತ್ತದೆ. ಯಕೃತ್ತಿನಲ್ಲಿ ತಯಾರಾಗಿ ರಕ್ತಕ್ಕೆ ಬರುವ ಈ ಕಿಣ್ವ ಸ್ಕೋಲಿನ್ನನ್ನು ಒಡೆದು ಹಾಕುತ್ತದೆ.

ಈ ಕಿಣ್ವವೇ ಇಲ್ಲದವರು ಇದ್ದಾರೆ. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಓಡುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹೆರುತ್ತಾರೆ, ತೊಂಬತ್ತು ವರ್ಷ ಬಾಳುತ್ತಾರೆ. ಸ್ಕೋಲಿನ್ ಅಥವಾ ಅದೇ ದಾರಿಯಲ್ಲಿ ಕರಗುವ ಮೈವಕ್ಯೂರಿಯಂ ಮೈಗೆ ಹೋದ ದಿನವಷ್ಟೇ ಕಷ್ಟ.

ನಾನು ಪಿಜಿ ಓದುತ್ತಿದ್ದಾಗ ಅಂಥದೊಂದು ರಾತ್ರಿ ನೋಡಿದೆ. ಕಿರಾಣಿ ಅಂಗಡಿಯವರ ಮಗ, ಇಪ್ಪತ್ತರ ಆಸುಪಾಸಿನ ಹುಡುಗ, ಹರ್ನಿಯಾ ಸಿಕ್ಕಿಕೊಂಡು ಕರುಳಿಗೆ ರಕ್ತ ಹೋಗದಂತಾಗಿ ಬಂದಿದ್ದ. ರಾತ್ರಿ ಊಟ ಆಗಿತ್ತು, ಹಾಗಾಗಿ ಸ್ಕೋಲಿನ್. ಆಪರೇಷನ್ ಸಲೀಸಾಗಿ ಮುಗಿಯಿತು. ಹೊಲಿಗೆ ಹಾಕಿ ಸರ್ಜನ್ ಕೈಗವಸು ಕಳಚಿ ಹೋದರು. ಹುಡುಗ ಮಾತ್ರ ಉಸಿರಾಡುತ್ತಿಲ್ಲ. ನಮ್ಮ ಪ್ರೊಫೆಸರ್ ಮೇಡಂ ಬಂದು ನರಕ್ಕೆ ಸಣ್ಣ ಕರೆಂಟ್ ಕೊಡುವ ಸ್ಟಿಮ್ಯುಲೇಟರನ್ನು ಮಣಿಕಟ್ಟಿಗೆ ಹಚ್ಚಿದರು. ಹೆಬ್ಬೆರಳು ಅಲುಗಲಿಲ್ಲ. ಬೇರೆ ಸ್ನಾಯು ಸಡಿಲಿಕೆಯ ಔಷಧಗಳನ್ನು ಇಳಿಸಲು ನಾವು ಕೊಡುವ ನಿಯೋಸ್ಟಿಗ್ಮಿನ್ ಅಲ್ಲೇ ಟ್ರೇಯಲ್ಲಿತ್ತು. ಅದನ್ನು ಮುಟ್ಟಬೇಡಿ ಅಂದರು. ಉಳಿದಿರಬಹುದಾದ ಚೂರುಪಾರು ಕಿಣ್ವವನ್ನೂ ಅದು ಕಟ್ಟಿಹಾಕುತ್ತದೆ. "ನಿದ್ದೆ ಔಷಧ ನಿಲ್ಲಿಸಬೇಡಿ. ಅವನು ಎಚ್ಚರಾಗಿರಬಹುದು, ಹೇಳೋಕೆ ಆಗ್ತಿಲ್ಲ ಅಷ್ಟೇ," ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಕಣ್ಣರೆಪ್ಪೆ ಎತ್ತಲೂ ಆಗದೆ, ಸುತ್ತ ನಡೆಯುವುದೆಲ್ಲ ಕೇಳಿಸಿಕೊಳ್ಳುತ್ತಾ ಮಲಗಿರುವ ಸ್ಥಿತಿ ಅದು. ಈ ತೊಂದರೆಯ ನಿಜವಾದ ಕ್ರೌರ್ಯ ಅಲ್ಲಿದೆ.

ಆಮೇಲೆ ಅವರು ನೇರ ಹೊರಗೆ ಹೋಗಿ ಹುಡುಗನ ತಂದೆಯ ಪಕ್ಕ ಬೆಂಚಿನ ಮೇಲೆ ಕೂತರು. ನೀವು ಯಾರು, ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗಾಗಿತ್ತಾ ಅಂತ ಕೇಳಿದರು. "ನಾವು ವೈಶ್ಯರು ಅಮ್ಮಾ. ಯಾರಿಗೂ ಏನೂ ಆಗಿಲ್ಲ. ನನ್ನ ಮಗ ಕೋಮಾಕ್ಕೆ ಹೋದನಾ, ಖರೆ ಹೇಳಿಬಿಡ್ರಿ," ಅಂದರು ತಂದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ದೊಡ್ಡಪ್ಪ, ತಮ್ಮ ಅತ್ತೆಯೊಬ್ಬರಿಗೆ ಗರ್ಭಕೋಶದ ಆಪರೇಷನ್ ಆದಾಗ ಮಾರನೆಯ ಬೆಳಗಿನವರೆಗೂ ಮಷಿನ್ ಹಾಕಿದ್ದರು, ಮೈಯಲ್ಲಿ ಶಕ್ತಿ ಇರಲಿಲ್ಲ ಅಂತ ಡಾಕ್ಟರು ಹೇಳಿದ್ದರು ಅಂದರು. ಆ ಅತ್ತೆಯ ಡಿಸ್ಚಾರ್ಜ್ ಕಾಗದದಲ್ಲಿ ಒಂದೇ ಒಂದು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು. ಅವರು ಗುಣವಾಗಿ ಮನೆಗೆ ಹೋದರು, ವಿಷಯ ಅಲ್ಲಿಗೇ ಮುಗಿಯಿತು, ಮುಂದಿನ ತಲೆಮಾರಿಗೆ ಮಾತು ದಾಟಲೇ ಇಲ್ಲ. ನಮ್ಮ ಹುಡುಗನ ಬೆರಳು ಬೆಳಗಿನ ಜಾವಕ್ಕೆ ಅಲುಗಿತು. ವೆಂಟಿಲೇಟರ್ ಬಿಡಿಸಿದೆವು. ಕಾಯುವುದು ಬಿಟ್ಟರೆ ಇದಕ್ಕೆ ದೊಡ್ಡ ಚಿಕಿತ್ಸೆಯೇನೂ ಇಲ್ಲ. ಕಾಯುವಾಗ ಉಸಿರು ಹಾಕುತ್ತಿರಬೇಕು, ನಿದ್ದೆಯಲ್ಲಿಟ್ಟಿರಬೇಕು. ವೆಂಟಿಲೇಟರ್ ಇಲ್ಲದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಗಿದ್ದರೆ ಬೆಳಗಿನ ಜಾವದವರೆಗೂ ಯಾರಾದರೂ ಕೈಯಲ್ಲೇ ಚೀಲ ಒತ್ತುತ್ತಾ ಕೂರಬೇಕಿತ್ತು.

ವೈಶ್ಯರು ಅಂದ ಕೂಡಲೇ ಪ್ರೊಫೆಸರ್ ತಲೆಯಾಡಿಸಿದ್ದು ಯಾಕೆ ಅಂತ ನನಗೆ ಗೊತ್ತಾದದ್ದು ಮಾರನೆಯ ದಿನ, ಓದಿದ ಮೇಲೆ. ಈ ಕಿಣ್ವದ ಕೊರತೆ ಬೇರೆಡೆಗಿಂತ ವೈಶ್ಯ ಸಮುದಾಯದಲ್ಲಿ, ಅಂದರೆ ಆರ್ಯವೈಶ್ಯರಲ್ಲಿ, ಸುಮಾರು ನೂರು ಪಟ್ಟು ಹೆಚ್ಚು. ಕೊಯಮತ್ತೂರಿನ ಸಂಶೋಧಕರು ಅಮೆರಿಕದ ನೆಬ್ರಾಸ್ಕಾದ ಪ್ರಯೋಗಾಲಯದ ಜೊತೆ ಸೇರಿ 2006ರಲ್ಲಿ ಅದರ ಮೂಲ ಹಿಡಿದರು: ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಪ್ರೋಲಿನ್ ಎಂಬ ಇನ್ನೊಂದು. ಇಷ್ಟು ದೊಡ್ಡ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲು. ತಂದೆಯಿಂದಲೂ ತಾಯಿಯಿಂದಲೂ ಅದೇ ಬದಲಾವಣೆ ಬಂದರಷ್ಟೇ ಕಿಣ್ವ ಇಲ್ಲದಂತಾಗುತ್ತದೆ. ಒಬ್ಬರಿಂದ ಮಾತ್ರ ಬಂದರೆ ಅಂಥ ತೊಂದರೆಯೇನೂ ಆಗುವುದಿಲ್ಲ.

ಇದು ಒಂದೇ ಸಮುದಾಯದಲ್ಲಿ ಇಷ್ಟು ಯಾಕೆ? ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್, ಲಾಲ್ಜಿ ಸಿಂಗ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತವರ ಜೊತೆಗಾರರು 2009ರಲ್ಲಿ ಇದಕ್ಕೆ ಉತ್ತರ ಕೊಡುವ ಕೆಲಸ ಪ್ರಕಟಿಸಿದರು. ನೂರಕ್ಕೂ ಹೆಚ್ಚು ತಲೆಮಾರುಗಳ ಹಿಂದೆ, ಅಂದರೆ ಎರಡು ಮೂರು ಸಾವಿರ ವರ್ಷಗಳ ಕೆಳಗೆ, ವೈಶ್ಯರ ಪೂರ್ವಜರ ಸಂಖ್ಯೆ ತೀರಾ ಸಣ್ಣದಾಗಿತ್ತು. ಅಲ್ಲಿಂದ ಮುಂದೆ ಹೊರಗಿನ ರಕ್ತ ಹೆಚ್ಚುಕಡಿಮೆ ಸೇರಲೇ ಇಲ್ಲ. ಆ ಕೆಲವೇ ಹಿರಿಯರಲ್ಲಿ ಒಬ್ಬರ ಮೈಯಲ್ಲಿದ್ದ ಬದಲಾವಣೆ ಈಗ ಲಕ್ಷಗಟ್ಟಲೆ ಜನರ ನಡುವೆ ಹರಡಿದೆ. ಗಂಡು ಹೆಣ್ಣಿನ ಗೋತ್ರ ಬೇರೆ, ಊರು ಬೇರೆ, ನೆನಪಿರುವಷ್ಟು ಕಾಲದಲ್ಲಿ ಯಾವ ನಂಟೂ ಇಲ್ಲ. ಆದರೂ ಇಬ್ಬರೂ ಆ ಒಬ್ಬ ಅಜ್ಜಿಯ ಅಥವಾ ಅಜ್ಜನ ಕುಡಿಗಳು. ಕುಲದೇವತೆ ವಾಸವಿ ಅಮ್ಮನ ಜೊತೆ 102 ಗೋತ್ರದವರು ಅಗ್ನಿಪ್ರವೇಶ ಮಾಡಿದರು, ಉಳಿದವರು ದೂರ ಸರಿದರು ಎಂಬ ಆಂಧ್ರದ ಪೆನುಗೊಂಡದ ಕಥೆಯನ್ನು ಈ ಜನ ಇವತ್ತಿಗೂ ಹೇಳಿಕೊಳ್ಳುತ್ತಾರೆ. ವಂಶವಾಹಿಯ ಲೆಕ್ಕಕ್ಕೂ ಆ ಕಥೆಗೂ ಗಂಟು ಹಾಕಲು ನಾನು ಹೋಗುವುದಿಲ್ಲ. ಆದರೆ ಸಣ್ಣ ಗುಂಪಾಗಿ ಉಳಿದೆವು ಎಂಬ ನೆನಪು ಅವರಲ್ಲಿ ಎಷ್ಟು ಆಳವಾಗಿದೆ ಅನ್ನುವುದು ನನ್ನ ಮನಸ್ಸನ್ನು ತಟ್ಟುತ್ತದೆ.

ಇದು ವೈಶ್ಯರೊಬ್ಬರ ಕಥೆಯಲ್ಲ. ಅದೇ ಬಳಗ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ 2,800ಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿತು. 81 ಸಮುದಾಯಗಳಲ್ಲಿ ಹೀಗೆ ಸಣ್ಣ ಗುಂಪಿನಿಂದ ಬೆಳೆದ ಗುರುತು ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ, ಫಿನ್ಲೆಂಡಿನವರಲ್ಲಿ ಇರುವುದಕ್ಕಿಂತಲೂ ಗಾಢವಾಗಿತ್ತು. ಅವುಗಳಲ್ಲಿ 14 ಸಮುದಾಯಗಳ ಜನಸಂಖ್ಯೆ ತಲಾ ಹತ್ತು ಲಕ್ಷಕ್ಕೂ ಮೇಲು. ಆನುವಂಶಿಕ ಕಾಯಿಲೆಯ ಪಠ್ಯಪುಸ್ತಕಗಳಲ್ಲಿ ಯಹೂದಿಗಳ ಟೇ-ಸ್ಯಾಕ್ಸ್ (ನರಗಳು ಹಾಳಾಗಿ ಮಕ್ಕಳು ಚಿಕ್ಕಂದಿನಲ್ಲೇ ಸಾಯುವ ಕಾಯಿಲೆ) ಇರುತ್ತದೆ, ಫಿನ್ಲೆಂಡಿನ ಕಾಯಿಲೆಗಳ ಪಟ್ಟಿ ಇರುತ್ತದೆ. ನಾನು ಅವನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು. ನಮ್ಮ ತಾಲ್ಲೂಕಿನ ಜನರ ಪಟ್ಟಿಯನ್ನು ಯಾರೂ ಮಾಡಿರಲಿಲ್ಲ. 2018ರ ಹೊತ್ತಿಗೆ ಕಾಯಿಲೆಗೂ ವಂಶವಾಹಿಗೂ ನಂಟು ಹುಡುಕುವ ದೊಡ್ಡ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ನೂರಕ್ಕೆ 78ರಷ್ಟು ಜನ ಯುರೋಪ್ ಮೂಲದವರೇ ಆಗಿದ್ದರು. ಹುಡುಕಿದಲ್ಲಿ ಮಾತ್ರ ಸಿಗುತ್ತದೆ. ಹೃದಯದ ಸ್ನಾಯುವಿನ ಒಂದು ಪ್ರೋಟೀನಿನ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ನಮ್ಮ ಉಪಖಂಡದ ನೂರರಲ್ಲಿ ಸುಮಾರು ನಾಲ್ವರಲ್ಲಿದೆ, ಅದು ಹೃದಯ ದುರ್ಬಲವಾಗುವ ಅಪಾಯ ಹೆಚ್ಚಿಸುತ್ತದೆ ಅಂತ 2009ರಲ್ಲಿ ತೋರಿಸಿದವರು ಇಲ್ಲಿಯವರ ರಕ್ತವನ್ನೇ ಪರೀಕ್ಷಿಸಿದ ತಂಗರಾಜ್ ಮತ್ತಿತರರು. ಈಗ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳ್ತನದಲ್ಲಿ ಹತ್ತು ಸಾವಿರ ಭಾರತೀಯರ ಪೂರ್ತಿ ಜೀನೋಮ್ ಓದಿದ್ದಾರೆ, 2025ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆದಿದೆ. ನನಗೆ ಇದು ತುಂಬಾ ಸಂತೋಷದ ಸುದ್ದಿ.

ಆ ಲಾರಿ ಹುಡುಗನ ಪ್ರಶ್ನೆಗೆ ನಾನು ಹೇಳಲೇಬೇಕಾದ ಮಾತು ಇನ್ನೊಂದಿದೆ. ಜಾತಿ ನಮ್ಮ ರಕ್ತದಲ್ಲೇ ಬರೆದಿದೆ ಅಂತ ಯಾರಾದರೂ ಈ ವಿಜ್ಞಾನ ಹಿಡಿದು ವಾದಿಸಿದರೆ ಅವರು ಕಥೆಯನ್ನು ತಲೆಕೆಳಗು ಮಾಡುತ್ತಿದ್ದಾರೆ. 2013ರಲ್ಲಿ ಬಂದ ಅಧ್ಯಯನದ ಪ್ರಕಾರ, ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೂ ಈ ನೆಲದ ಜನ ಧಾರಾಳವಾಗಿ ಒಬ್ಬರೊಳಗೊಬ್ಬರು ಬೆರೆತರು. ಮೇಲಿನವರು ಕೆಳಗಿನವರು ಅಂತ ಈಗ ಹೇಳಿಕೊಳ್ಳುವ ಎಲ್ಲರಲ್ಲೂ, ಕಾಡಿನ ಜನರಲ್ಲೂ, ಆ ಬೆರಕೆ ಇದೆ. ಮದುವೆಗೆ ಬೇಲಿ ಬಿದ್ದದ್ದು ಆಮೇಲೆ. ಬೇಲಿ ಹಾಕಿದವರು ಮನುಷ್ಯರು, ವಂಶವಾಹಿಯಲ್ಲಿ ಉಳಿದಿರುವುದು ಆ ಬೇಲಿಯ ಗುರುತು. 1901ರ ಜನಗಣತಿ ನಡೆಸಿದ ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಜನರ ಮೂಗಿನ ಉದ್ದ ಅಗಲ ಅಳೆದು ಜಾತಿಗಳಿಗೆ ಜನಾಂಗದ ಮೆಟ್ಟಿಲು ಕಟ್ಟಲು ಹೊರಟಿದ್ದ. ನಾನು ಪಿಎಸಿಯಲ್ಲಿ ಕೇಳುವ ಪ್ರಶ್ನೆಗೂ ಆ ಅಳತೆಗೂ ಯಾವ ಸಂಬಂಧವೂ ಇರಬಾರದು, ಆ ಎಚ್ಚರ ಸದಾ ನನ್ನೊಳಗಿರುತ್ತದೆ. ಒಂದು ಸಮುದಾಯದಲ್ಲಿ ಒಂದು ಕಿಣ್ವ ಕಡಿಮೆ ಅನ್ನುವುದರಿಂದ ಆ ಜನರ ಬುದ್ಧಿಯ ಬಗ್ಗೆ, ಗುಣದ ಬಗ್ಗೆ, ಯೋಗ್ಯತೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಸ್ಕೋಲಿನ್ ಬೇಡ, ಬೇರೆ ಔಷಧ ತೆಗೆದುಕೋ ಅಂತ ನನಗೆ ಗೊತ್ತಾಗುತ್ತದೆ, ಅಷ್ಟೇ.

ಅಷ್ಟು ಗೊತ್ತಾಗುವುದೂ ಅಂದುಕೊಂಡಷ್ಟು ಸುಲಭವಲ್ಲ. ಹೆಸರಿನ ಕೊನೆಯಲ್ಲಿ ಶೆಟ್ಟಿ ಅಂತ ಇದ್ದರೆ ಕರಾವಳಿಯ ಬಂಟರಿರಬಹುದು, ಶೆಟ್ಟರ್ ಅಂತಿದ್ದರೆ ಹುಬ್ಬಳ್ಳಿ ಕಡೆಯ ಬಣಜಿಗ ಲಿಂಗಾಯತರಿರಬಹುದು, ಗುಪ್ತ ಅಂತಿದ್ದರೆ ದಿಲ್ಲಿಯಿಂದ ವರ್ಗವಾಗಿ ಬಂದ ಬ್ಯಾಂಕಿನವರಿರಬಹುದು. ಇವರ‍್ಯಾರೂ ಆರ್ಯವೈಶ್ಯರಲ್ಲ. ಕಿಣ್ವದ ಕೊರತೆ ಬೇರೆ ಬೇರೆ ರೂಪದಲ್ಲಿ ಯಾವ ಜನರಲ್ಲೂ ಇರಬಹುದು. 1950ರ ದಶಕದಲ್ಲಿ ಟೊರಾಂಟೊದ ವರ್ನರ್ ಕಾಲೊ ಇದು ವಂಶಪಾರಂಪರ್ಯ ಅಂತ ತೋರಿಸಿದ್ದು ಕೆನಡಾದ ಜನರಲ್ಲಿ. ಯಕೃತ್ತು ಕೆಟ್ಟವರಲ್ಲಿ, ಹೊಟ್ಟೆಗಿಲ್ಲದೆ ಸೊರಗಿದವರಲ್ಲಿ, ಬಸುರಿಯರಲ್ಲಿ ಈ ಕಿಣ್ವ ವಂಶದ ಕಾರಣವಿಲ್ಲದೆಯೂ ಕಡಿಮೆಯಾಗುತ್ತದೆ. ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವಿದೆ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಔಷಧಗಳಲ್ಲಿ ಹಲವು ಇದೇ ಕಿಣ್ವವನ್ನು ಹಿಡಿದು ನಿಲ್ಲಿಸುತ್ತವೆ. ಅದನ್ನೇ ಕುಡಿದು ಜೀವ ಕಳೆದುಕೊಳ್ಳಲು ಹೋದವರು ಕ್ಯಾಜುವಾಲಿಟಿಗೆ ಬಂದಾಗ ಕಳಿಸುವ ರಕ್ತಪರೀಕ್ಷೆಯೂ ಸೂಡೊಕೋಲಿನ್‌ಎಸ್ಟರೇಸೇ. ಹಾಗಾಗಿ ಜಿಲ್ಲೆಯ ಲ್ಯಾಬ್‌ಗಳಿಗೆ ಈ ಟೆಸ್ಟ್ ಹೊಸದಲ್ಲ. ಸಾಲ ಮಾಡಿದ ರೈತನಿಗಾಗಿ ಇಟ್ಟುಕೊಂಡ ಪರೀಕ್ಷೆ ಅಂಗಡಿಯವರ ಮಗನಿಗೂ ಒದಗುತ್ತದೆ.

ಅದಕ್ಕೇ ನಾನು ಜಾತಿಯನ್ನು ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಬಿಡುವುದಿಲ್ಲ. ಎಲ್ಲರಿಗೂ ಕೇಳುತ್ತೇನೆ, ಯಾಕೆ ಅಂತ ಮೊದಲೇ ಹೇಳುತ್ತೇನೆ, ಹೇಳಲು ಇಷ್ಟವಿಲ್ಲದಿದ್ದರೆ ಬೇಡ ಅನ್ನುತ್ತೇನೆ. ಮನೆಯವರಿಗೆ ಹಿಂದೆ ಹೀಗಾಗಿತ್ತಾ ಅನ್ನುವ ಪ್ರಶ್ನೆಯನ್ನು ಮಾತ್ರ ಬಿಡುವುದಿಲ್ಲ. ಜಾತಿಗಿಂತ ಅದೇ ಬೆಲೆಯುಳ್ಳದ್ದು. ಸಂಶಯ ಬಂದರೆ ರಕ್ತಪರೀಕ್ಷೆ. ಸಮಯ ಇಲ್ಲದಿದ್ದರೆ ಸ್ಕೋಲಿನ್ ಬಿಟ್ಟು ರೊಕ್ಯುರೋನಿಯಂ. ತುರ್ತಿಲ್ಲದ ಆಪರೇಷನ್ ಆದರೆ ಅಟ್ರಾಕ್ಯೂರಿಯಂ ಆದೀತು, ಅದು ಈ ಕಿಣ್ವವನ್ನು ಕಾಯದೆ ತಾನೇ ಒಡೆಯುತ್ತದೆ.

ಅಮೆರಿಕದ ಆಸ್ಪತ್ರೆಗಳ ಫಾರಂನಲ್ಲಿ ಜನಾಂಗ ಅಂತ ಒಂದು ಕಾಲಂ ಇರುತ್ತದೆ. ನಮ್ಮವರು ಅಲ್ಲಿ ಏಷ್ಯನ್ ಅಂತ ಗುರುತು ಹಾಕುತ್ತಾರೆ. ಆ ಒಂದು ಚೌಕದೊಳಗೆ ಚೀನಾದವರು, ಫಿಲಿಪೀನ್ಸಿನವರು, ಬಳ್ಳಾರಿಯ ವೈಶ್ಯರು, ಬೀದರಿನ ಮುಸ್ಲಿಮರು ಎಲ್ಲರೂ ಸೇರಿಹೋಗುತ್ತಾರೆ. ನನ್ನ ಹಳೆಯ ರೋಗಿಯೊಬ್ಬರ ಮಗ ಡಲ್ಲಾಸ್‌ನಿಂದ ಫೋನ್ ಮಾಡಿದ್ದ. ತಾಯಿ ಅಲ್ಲಿಗೆ ಹೋಗಿದ್ದಾಗ ಪಿತ್ತಕೋಶದ ಕಲ್ಲು ತೆಗೆಸಬೇಕಾಗಿ ಬಂದಿತ್ತು. ವೈಶ್ಯರು ಅಂತ ಹೇಳಿದರೆ ಅಲ್ಲಿಯವರಿಗೆ ಅರ್ಥವಾಗುತ್ತದಾ ಮೇಡಂ ಅಂದ. ಅದನ್ನು ಹೇಳುವ ಅಗತ್ಯವಿಲ್ಲ, ಸೂಡೊಕೋಲಿನ್‌ಎಸ್ಟರೇಸ್ ಕೊರತೆ ಅಂತ ಹೇಳು, ನಾನು ಕೊಟ್ಟ ಲ್ಯಾಬ್ ರಿಪೋರ್ಟ್ ತೋರಿಸು ಅಂದೆ. ಆ ಹೆಸರು ಯಾವ ದೇಶದ ಅರಿವಳಿಕೆ ವೈದ್ಯರಿಗಾದರೂ ಗೊತ್ತು.

ಜನಾಂಗದ ಚೌಕಗಳು ಹೇಗೆ ದಾರಿ ತಪ್ಪಿಸುತ್ತವೆ ಅನ್ನುವುದಕ್ಕೆ ಸಿಕಲ್ ಸೆಲ್ ಸಾಕ್ಷಿ, ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ವಂಶಪಾರಂಪರ್ಯ ಕಾಯಿಲೆ ಅದು. 1910ರಲ್ಲಿ ಶಿಕಾಗೋದಲ್ಲಿ ಗ್ರೆನಡಾದ ಕಪ್ಪು ವಿದ್ಯಾರ್ಥಿಯೊಬ್ಬನಲ್ಲಿ ಅದನ್ನು ವರದಿ ಮಾಡಿದ ಮೇಲೆ ಬಹುಕಾಲ ಅದು ಕಪ್ಪು ಜನರ ಕಾಯಿಲೆ ಅಂತಲೇ ಹೆಸರಾಯಿತು. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಅದು ಕಂಡಿತು. ನಾನು ಕೆಲಕಾಲ ಮೈಸೂರು ಕಡೆ ಕೆಲಸ ಮಾಡಿದಾಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹೆಗ್ಗಡದೇವನಕೋಟೆ ಹಾಡಿಗಳ ಜೇನುಕುರುಬರು ಆಪರೇಷನ್‌ಗೆ ಬಂದರೆ ಮೊದಲು ಸಿಕ್ಲಿಂಗ್ ಟೆಸ್ಟ್ ಕಳಿಸುತ್ತಿದ್ದೆವು. ಈ ರೋಗಿಗಳನ್ನು ಟೇಬಲ್ ಮೇಲೆ ಬೆಚ್ಚಗಿಡಬೇಕು, ದ್ರವ ಕಡಿಮೆಯಾಗಬಾರದು, ಆಮ್ಲಜನಕ ಇಳಿಯಬಾರದು. ಮಲೇರಿಯಾ ಇದ್ದ ನೆಲದಲ್ಲಿ ಆ ಜೀನ್‌ನ ಒಂದು ಪ್ರತಿ ಇದ್ದವರು ಬದುಕಿ ಉಳಿದರು. ಚರ್ಮದ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹೆಸರು ಅಂಟಿಕೊಂಡರೆ ಏನಾಗುತ್ತದೆ ಅನ್ನುವುದನ್ನು ನಮ್ಮ ರಾಜ್ಯವೇ ನೋಡಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಜನರ ಸೊಂಟ, ಮಂಡಿ ಹಿಡಿದುಕೊಳ್ಳುವುದು, ಮಕ್ಕಳು ಬೆಳೆಯದಿರುವುದು ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅಂತ ಮೊದಲು ಶಂಕಿಸಿದರು. ಆಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಬರುವ ಮೂಳೆಯ ಕಾಯಿಲೆ ಅಂತ ತಿಳಿಯಿತು. ಬಳಲಿದವರು ಚನ್ನಂಗಿ, ಛಲವಾದಿ ಕುಟುಂಬಗಳು, ದಲಿತರು. ಗುಣಪಡಿಸುವ ಔಷಧ ಇವತ್ತಿಗೂ ಇಲ್ಲ, ಊರಿನ ಹೆಸರು ಮಾತ್ರ ಕಾಯಿಲೆಯ ಹೆಸರಾಗಿ ಉಳಿದಿದೆ. ರಕ್ತ ತೆಗೆದುಕೊಂಡು ಹೋಗುವ ಯಾರೇ ಆಗಲಿ, ಆ ಮನೆಗಳಿಗೆ ತಿರುಗಿ ಬಂದು ಏನು ಗೊತ್ತಾಯಿತು ಅಂತ ಅವರ ಮಾತಿನಲ್ಲಿ ಹೇಳಬೇಕು, ಓಡಾಡಲು ಆಗದವರಿಗೆ ಗಾಡಿ, ಪಿಂಚಣಿ, ಮೂಳೆ ಆಪರೇಷನ್ ಸಿಗುವಂತೆ ನಿಲ್ಲಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಕಳೆದ ವಾಸವಿ ಜಯಂತಿಗೆ ಇಲ್ಲಿನ ಸಂಘದವರು ರಕ್ತದಾನ ಶಿಬಿರದ ಜೊತೆ ನನ್ನನ್ನೂ ಮಾತಾಡಲು ಕರೆದಿದ್ದರು. ಮಾತು ಮುಗಿದ ಮೇಲೆ ಮಧ್ಯವಯಸ್ಸಿನ ತಾಯಿಯೊಬ್ಬರು ಎದ್ದು, "ಡಾಕ್ಟ್ರಮ್ಮಾ, ಇದೆಲ್ಲ ಹೊರಗೆ ಗೊತ್ತಾದ್ರೆ ನಮ್ಮ ಹುಡುಗೀರಿಗೆ ಸಂಬಂಧ ಕೂಡಿಬರೋದು ಕಷ್ಟ ಆಗಲ್ವಾ?" ಅಂದರು. ಸಭೆ ಗಪ್ಪಾಯಿತು. ಅಮ್ಮಾ, ಇದು ಕಾಯಿಲೆಯೇ ಅಲ್ಲ, ಒಂದು ಇಂಜೆಕ್ಷನ್ ಆಗಿಬರುವುದಿಲ್ಲ ಅಷ್ಟೇ, ಪೆನ್ಸಿಲಿನ್ ಆಗದವರಿಗೆ ಮದುವೆ ಆಗುವುದಿಲ್ಲವಾ ಅಂದೆ. ನ್ಯೂಯಾರ್ಕಿನಲ್ಲಿ ಟೇ-ಸ್ಯಾಕ್ಸ್‌ಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಯಹೂದಿ ಗುರು ಜೋಸೆಫ್ ಎಕ್‌ಸ್ಟೈನ್ 1983ರಲ್ಲಿ ಶುರು ಮಾಡಿದ ವ್ಯವಸ್ಥೆಯ ಬಗ್ಗೆಯೂ ಹೇಳಿದೆ. ಅಲ್ಲಿ ಮಕ್ಕಳಿಗೆ ಹೆಸರಿನ ಬದಲು ನಂಬರು, ಫಲಿತಾಂಶ ಯಾರ ಕೈಗೂ ಸಿಗುವುದಿಲ್ಲ, ಸಂಬಂಧ ನೋಡುವಾಗ ಎರಡು ನಂಬರು ಕೊಟ್ಟರೆ ಜೋಡಿ ಹೊಂದುತ್ತದಾ ಅಂತಷ್ಟೇ ಹೇಳುತ್ತಾರೆ. ಸಮುದಾಯವೇ ಮುಂದೆ ನಿಂತು, ಗುಟ್ಟು ಕಾಪಾಡಿ ನಡೆಸಿದ್ದರಿಂದ ಜನ ನಂಬಿದರು. ನಮಗೆ ಅಷ್ಟೂ ಬೇಕಿಲ್ಲ. ಪರ್ಸಿನಲ್ಲಿಡುವ ಒಂದು ಚೀಟಿ ಸಾಕು.

ಸಂಘದ ಕಾರ್ಯದರ್ಶಿಯವರು ಆ ಚೀಟಿಯಲ್ಲಿ ಏನು ಬರೆಯಬೇಕು ಕೊಡಿ ಅಂತ ಅಲ್ಲೇ ಪೆನ್ನು ಚಾಚಿದರು. ನಾನು ಬರೆದುಕೊಟ್ಟದ್ದು ಇಷ್ಟು: ಹೆಸರು, ಬ್ಲಡ್ ಗ್ರೂಪ್, ಸೂಡೊಕೋಲಿನ್‌ಎಸ್ಟರೇಸ್ ಎಷ್ಟಿದೆ, ಪರೀಕ್ಷೆ ಮಾಡಿಸಿದ ತಾರೀಕು. ಕಡಿಮೆ ಇದ್ದವರಿಗೆ ಕೆಂಪಕ್ಷರದಲ್ಲಿ ಒಂದು ಸಾಲು, "ಸಕ್ಸಿನೈಲ್‌ಕೋಲಿನ್, ಮೈವಕ್ಯೂರಿಯಂ ಕೊಡಬಾರದು", ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ. ಕೆಳಗೆ, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ. ಜಾತಿಯ ಕಾಲಂ ಇಡಬೇಡಿ ಅಂತ ಕೇಳಿಕೊಂಡೆ. ಪರೀಕ್ಷೆ ಆದ ಮೇಲೆ ಅದರ ಅಗತ್ಯ ಯಾರಿಗೂ ಇರುವುದಿಲ್ಲ.